ಚೊಂಬು ಬರೆಸುವ ಮೇಷ್ಟ್ರುಗಳಿಗೆ ನಮ್ಮ ಪ್ರಶ್ನೆ



ಕಾಲೇಜಿನ ಚಿತ್ರಕಲೆ ಮತ್ತು ವಿನ್ಯಾಸ ವಿಭಾಗಕ್ಕೆ ಸೇರಿದ ಮೊದಲ ವಾರ ನಮ್ಮ ಕೈಲಿ ಬರೆಸಿದ್ದು ಒಂದು ಚೊಂಬಿನ ಚಿತ್ರ. ಮೇಜಿಗೆ ಬಿಳೀ ಬಟ್ಟೆ ಹಾಸಿ, ಹಿತ್ತಾಳೆ ಚೊಂಬನ್ನು ನಡುವೆ ಇಟ್ಟು, ಕಿಟಕಿ ಬೆಳಕು ಒಂದು ಮಗ್ಗುಲಿಗೆ ಬೀಳೋ ಹಾಗೆ ಮಾಡಿದ್ದರು. ಮೇಷ್ಟ್ರು ಪ್ರದಕ್ಷಿಣೆ ಹಾಕಿದ ಹಾಗೆ ಅದರ ಸುತ್ತ ಒಂದು ಸುತ್ತು ಬಂದು ಪಾಠ ಶುರು ಮಾಡಿದರು.

ಪಾಠ ಇಷ್ಟು. 1958ರಲ್ಲಿ ಭಾರತ ಸರ್ಕಾರದ ಕರೆಯ ಮೇಲೆ ಅಮೆರಿಕದಿಂದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ವಿನ್ಯಾಸಕಾರ ದಂಪತಿ ಬಂದರು. ದೇಶ ಸುತ್ತಿದರು. ಒಂದು ವರದಿ ಬರೆದರು. ಈ ದೇಶದಲ್ಲಿ ತಾವು ಕಂಡು ಮೆಚ್ಚಿದ ಎಲ್ಲ ವಸ್ತುಗಳಲ್ಲಿ ದಿನಬಳಕೆಯ ಲೋಟಾ, ಅಂದರೆ ನಮ್ಮ ಚೊಂಬು, ಎಲ್ಲಕ್ಕಿಂತ ದೊಡ್ಡದು ಅಂದರು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ವಿನ್ಯಾಸ ಕಲಿಸುವ ಮೇಷ್ಟ್ರುಗಳಿಗೆಲ್ಲ ಚೊಂಬೇ ಮೊದಲ ಪಾಠ.

ಆ ದಂಪತಿ ಚೊಂಬಿನ ಬಗ್ಗೆ ಒಂದು ರಾಶಿ ಪ್ರಶ್ನೆ ಕೇಳಿದ್ದಾರೆ. ಅದರಲ್ಲಿ ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಗಂಡಸಿನದೋ ಹೆಂಗಸಿನದೋ? ಸೊಂಟದ ಮೇಲೋ ತಲೆಯ ಮೇಲೋ? ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತೆ, ಖಾಲಿಯಾದಾಗ ಎಲ್ಲಿ? ಸುರಿಯುವಾಗ ನೀರು ಹೇಗೆ ಬೀಳುತ್ತೆ? ಬೆಲೆ ಎಷ್ಟು? ಹಳತಾದ ಮೇಲೆ ಮಾರಿದರೆ ಏನು ಸಿಗುತ್ತೆ? ಎಲ್ಲ ಒಳ್ಳೆ ಪ್ರಶ್ನೆಗಳೇ. ಆದರೆ ಒಂದು ಪ್ರಶ್ನೆ ಬಿಟ್ಟುಹೋಗಿದೆ. ಈ ಚೊಂಬನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು?

ನಮ್ಮ ಹಟ್ಟಿಯ ಮಕ್ಕಳಿಗೆ ಚೊಂಬು ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ದಣಿಗಳ ಜಗಲಿ ಕೆಳಗೆ ಬಗ್ಗಿ ನಿಂತು ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಿಡಿದಾಗ ಮೇಲಿಂದ ಎತ್ತಿ ಸುರಿಯುವ ಸಾಮಾನು ಅದು. ಚೊಂಬು ಅವರ ಕೈಲಿ. ನೀರು ಮಾತ್ರ ನಮ್ಮ ಬೊಗಸೆಗೆ. ಅರ್ಧ ಬಾಯಿಗೆ, ಅರ್ಧ ಮೊಣಕೈಯಿಂದ ಇಳಿದು ಅಂಗಿಗೆ. ಎಷ್ಟು ಎತ್ತರದಿಂದ ಸುರಿದರೂ ಚೊಂಬಿನ ನೀರು ಗುರಿ ತಪ್ಪಲ್ಲ ಅನ್ನೋದು ಅಮೆರಿಕದವರಿಗಿಂತ ಮೊದಲೇ ನಮ್ಮಜ್ಜನಿಗೆ ಗೊತ್ತಿತ್ತು. ಅಷ್ಟು ಹದವಾದ ವಿನ್ಯಾಸ!

ದೂರದಿಂದ ಬಂದ ಆ ದಂಪತಿಯನ್ನು ನಾವು ಬೈಯಲ್ಲ. ಅವರು ಬಂದರು, ಕೆಲವು ತಿಂಗಳು ಇದ್ದರು, ಹೋದರು. ಅವರಿಗೆ ಯಾರು ಚೊಂಬು ತೋರಿಸಿದರೋ ಅವರ ಮನೆ ಚೊಂಬು ನೋಡಿದರು. ನಾವು ಕೇಳೋದು ಅರವತ್ತು ವರ್ಷಕ್ಕೂ ಮೇಲ್ಪಟ್ಟು ಅದೇ ಚೊಂಬನ್ನು ಮೇಜಿನ ಮೇಲಿಟ್ಟು ಸಂಬಳ ತಗೊಂಡ ಅಧ್ಯಾಪಕ ವರ್ಗವನ್ನ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನಿಮಗೂ ಆ ಪ್ರಶ್ನೆ ಹೊಳೆಯಲಿಲ್ಲವೇ? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರನ್ನು ಕರಕೊಂಡು ಹೋಗಿ ಮಹಾಡದ ಚವದಾರ್ ಕೆರೆಯ ನೀರನ್ನು ಕೈಯಾರೆ ಮೊಗೆದು ಕುಡಿದರಲ್ಲ, ಆ ಸುದ್ದಿ ನಿಮ್ಮ ವಿಭಾಗಕ್ಕೆ ಇನ್ನೂ ಮುಟ್ಟಿಲ್ಲವೇ?

ಹೊಳೆಯಲಿಲ್ಲ. ಯಾಕೆ ಹೊಳೆಯಲಿಲ್ಲ ಅಂದರೆ, ಹೊಳೆಯುವಂಥವರು ಯಾರೂ ಆ ಮೇಜಿನ ಆ ಕಡೆ ನಿಂತಿರಲಿಲ್ಲ. ನಮ್ಮ ಇವತ್ತಿನ ಮಾತು ಇದೊಂದೇ.

ವಿಭಾಗದ ಬಾಗಿಲಲ್ಲಿ ಅಧ್ಯಾಪಕರ ಹೆಸರಿನ ಹಲಗೆ ಇರುತ್ತೆ. ಓದಿದೆವು. ಅಡ್ಡಹೆಸರುಗಳನ್ನೂ ಓದಿದೆವು. ನಮ್ಮ ಕೇರಿಯ ಹೆಸರು ಒಂದೂ ಇಲ್ಲ. ಹಾಗಂತ ನಮ್ಮವರು ಆ ವಿಭಾಗದಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ. ಬೇಕಾದಷ್ಟು ಇದ್ದಾರೆ. ಬಣ್ಣ ಚೆಲ್ಲಿದ ನೆಲ ಒರೆಸೋರು ನಮ್ಮವರು. ಮಣ್ಣು ಕಲಸಿ ಹದ ಮಾಡಿ ಕೊಡೋರು ನಮ್ಮವರು. ಸಿಲಬಸ್ಸಿನಲ್ಲೂ ನಮ್ಮವರೇ. ಮೇದರ ಬಿದಿರು ಸಿಲಬಸ್ಸಿನಲ್ಲಿದೆ, ಮೇದರು ಇಲ್ಲ. ಕುಂಬಾರನ ತಿಗರಿ ಇದೆ, ಕುಂಬಾರ ಇಲ್ಲ. ಸಮಗಾರನ ಚರ್ಮ ಇದೆ, ಸಮಗಾರ ಇಲ್ಲ. ಲಂಬಾಣಿ ಕಸೂತಿ ಇದೆ, ತಾಂಡಾದ ಹೆಂಗಸು ಇಲ್ಲ. ನಮ್ಮವ್ವಂದಿರು ಹರಕು ಸೀರೆ ಸೇರಿಸಿ ಹೊಲಿದ ಕೌದಿ ಗೋಡೆಗೆ ನೇತು ಹಾಕಿದಾರೆ, ಪಕ್ಕದಲ್ಲಿ ಅದನ್ನು ಕಂಡುಹಿಡಿದ ಅಧ್ಯಾಪಕರ ಹೆಸರು ಬರೆದಿದಾರೆ. ಕೌದಿ ಕಂಡುಹಿಡಿಯೋದಂತೆ! ಚಳಿಗಾಲದ ರಾತ್ರಿ ಅದನ್ನ ಹೊದ್ದು ಮಲಗಿದ ನಮಗೆ ಕೌದಿ ಯಾವತ್ತೂ ಕಳೆದುಹೋಗಿರಲಿಲ್ಲ.

ಇನ್ನೊಂದು ಕಡೆ ನಮ್ಮವರು ಇದ್ದಾರೆ. ಮಾಡೆಲ್ ಕೂರುವ ಸ್ಟೂಲಿನ ಮೇಲೆ. ಕಾಲೇಜಿನ ಅಂಗಳ ಗುಡಿಸುವ ಒಬ್ಬ ಅಜ್ಜಿಯನ್ನ ಒಂದು ದಿನ ಕ್ಲಾಸಿಗೆ ಕರಕೊಂಡು ಬಂದು ಕೂರಿಸಿದರು. ಮೂರು ಗಂಟೆ ಅಲ್ಲಾಡಬಾರದು. ಮೇಷ್ಟ್ರು ಕಡ್ಡಿ ಹಿಡಿದು ಅಜ್ಜಿಯ ಕೆನ್ನೆ ತೋರಿಸುತ್ತಾ, ‘ಈ ಮುಖದಲ್ಲಿ ಎಂಥಾ ಟೆಕ್ಸ್ಚರ್ ಇದೆ ನೋಡ್ರಪ್ಪಾ’ ಅಂದರು. ಅಜ್ಜಿಗೆ ಇಂಗ್ಲಿಷು ಗೊತ್ತಿಲ್ಲ, ನಕ್ಕಳು. ನಗಬೇಡ ಅಂದರು. ನಡುವೆ ಟೀ ಬಂತು. ಮೇಷ್ಟ್ರುಗಳಿಗೆ ಪಿಂಗಾಣಿ ಬಟ್ಟಲು. ಅಜ್ಜಿಗೆ, ಕುಡಿದು ತಾನೇ ಹೊರಗೆ ಎಸೆದು ಬರಬೇಕಾದ ಕಾಗದದ ಲೋಟ. ಆ ವರ್ಷದ ಪ್ರದರ್ಶನದಲ್ಲಿ ಅಜ್ಜಿಯ ಚಿತ್ರಕ್ಕೆ ಬಹುಮಾನ ಬಂತು. ಅಡಿಯಲ್ಲಿ ಚಿತ್ರಕಾರನ ಹೆಸರು, ಮಾರ್ಗದರ್ಶನ ಮಾಡಿದ ಅಧ್ಯಾಪಕರ ಹೆಸರು. ಚಿತ್ರದ ಹೆಸರು ಬರೀ ‘ಮುದುಕಿ’. ನಾವೂ ಆ ದಿನ ಇದ್ದಿಲು ಹಿಡಿದು ಸುಮ್ಮನೆ ಗೆರೆ ಎಳೆಯುತ್ತಾ ಕೂತಿದ್ದವರೇ. ಅಜ್ಜಿಯ ಹೆಸರು ಏನು ಅಂತ ನಾವೂ ಕೇಳಲಿಲ್ಲ. ಈ ತಪ್ಪು ನಮ್ಮ ಲೆಕ್ಕಕ್ಕೂ ಸೇರಲಿ.

ಈಗ ಕೆಲವರು ಹೇಳ್ತಾರೆ, ‘ಕಲೆಗೆ ಜಾತಿ ಇಲ್ಲ’. ಕಲೆಗೆ ಇಲ್ಲದೆ ಇರಬಹುದು ಸ್ವಾಮಿ, ಕಲಾಶಾಲೆಗೆ ಇದೆ. ಅದು ಹುಟ್ಟಿದಾಗಿಂದಲೂ ಇದೆ.

1850ರಲ್ಲಿ ಮದರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ ಕಲಾಶಾಲೆ ತೆರೆದ. 1854ರಲ್ಲಿ ಕಲ್ಕತ್ತಾ, 1857ರಲ್ಲಿ ಬೊಂಬಾಯಿ, 1875ರಲ್ಲಿ ಲಾಹೋರು. ಬಿಳಿಯರು ಹೇಳಿಕೊಂಡ ಉದ್ದೇಶ ಈ ದೇಶದ ಕುಶಲಕರ್ಮಿಗಳ ಕೈಕೆಲಸ ಉಳಿಸೋದು, ಬೆಳೆಸೋದು. ಆದರೆ ಬೆಂಚಿನ ಮೇಲೆ ಬಂದು ಕೂತೋರು ಯಾರು? ಇಂಗ್ಲಿಷು ಬಲ್ಲ ಮನೆಗಳ ಹುಡುಗರು. ಅವರಿಗೆ ಬೇಕಾದ್ದು ಡ್ರಾಯಿಂಗ್ ಮಾಸ್ತರಿಕೆ, ಸರ್ಕಾರಿ ನಕ್ಷೆ ಬರೆಯೋ ನೌಕರಿ, ಆಮೇಲೆ ‘ಕಲಾವಿದ’ ಅನ್ನೋ ಬಿರುದು. ಕೈಕಸುಬಿನವರ ಮಕ್ಕಳು ಹಿಂದೆ ಬಿದ್ದರು. ಅಲ್ಲಿಂದ ಶುರುವಾಯ್ತು ಎರಡು ಪಂಕ್ತಿ. ಒಂದು ಲಲಿತಕಲೆ, ಇನ್ನೊಂದು ಕರಕುಶಲ. ತಲೆಯಿಂದ ಮಾಡಿದರೆ ಲಲಿತ, ಕೈಯಿಂದ ಮಾಡಿದರೆ ಕುಶಲ. ಸಹಿ ಹಾಕಿದರೆ ಲಲಿತ, ಸಹಿ ಹಾಕಲು ಬಾರದಿದ್ದರೆ ಕುಶಲ. ತಲೆಗೆ ಒಬ್ಬ, ಕಾಲಿಗೆ ಒಬ್ಬ ಅಂತ ಹಂಚಿಟ್ಟ ಹಳೇ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ? ಮನು ಕುಂಚ ಹಿಡಿದಿದ್ದರೆ ಇದೇ ಸಿಲಬಸ್ಸು ಬರೀತಿದ್ದ.

ನಮ್ಮ ಮೇಷ್ಟ್ರುಗಳ ಬಾಯಲ್ಲಿ ಸದಾ ಇರುವ ಇನ್ನೊಂದು ಹೆಸರು ಜರ್ಮನಿಯ ಬೌಹೌಸ್ ಶಾಲೆ. 1919ರಲ್ಲಿ ವೈಮಾರ್ ಪಟ್ಟಣದಲ್ಲಿ ಶುರುವಾದದ್ದು. ಅದರ ಗೋಳ, ಘನ, ತ್ರಿಕೋನ ಎಲ್ಲ ನಮಗೆ ಉರು ಹೊಡೆಸಿದರು. ಒಂದು ಸಂಗತಿ ಮಾತ್ರ ಹೇಳಲಿಲ್ಲ. ಆ ಶಾಲೆಯ ಮೊದಲ ವರ್ಷಗಳಲ್ಲಿ ಪ್ರತಿ ಕಾರ್ಯಾಗಾರಕ್ಕೂ ಇಬ್ಬರು ಗುರುಗಳು. ಒಬ್ಬ ರೂಪ ಕಲಿಸುವ ಕಲಾವಿದ, ಇನ್ನೊಬ್ಬ ಕಸುಬು ಕಲಿಸುವ ಕೆಲಸಗಾರ. ಮಗ್ಗದ ಕೋಣೆಯಲ್ಲಿ ನೇಯ್ಗೆ ಬಲ್ಲವರು, ಮರದ ಕೋಣೆಯಲ್ಲಿ ಬಡಗಿ. ಅಲ್ಲೂ ಇಬ್ಬರಿಗೆ ಸಮನಾದ ಅಧಿಕಾರ ಇರಲಿಲ್ಲ ಅನ್ನೋದು ನಿಜ, ಕಲಾವಿದನ ಮಾತೇ ಮೇಲು. ಆದರೂ ಬಡಗಿಗೆ ಗುರು ಅನ್ನೋ ಹೆಸರಿತ್ತು. ನಮ್ಮಲ್ಲಿ ಅವರ ತ್ರಿಕೋನ ಬಂತು, ಆ ಬಡಗಿ ಬರಲಿಲ್ಲ. ಇಲ್ಲಿ ಕಸುಬುದಾರನಿಗೆ ಏನಿದೆ? ಎರಡು ದಿನದ ಕಮ್ಮಟ. ಬಾ, ಮಾಡಿ ತೋರಿಸು, ಫೋಟೋ ತೆಗೆಸಿಕೋ, ಶಾಲು ಹೊದ್ದುಕೋ, ಬಸ್ ಚಾರ್ಜು ಇಸ್ಕೊಂಡು ಊರಿಗೆ ಹೋಗು.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಗಾಗಿ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಬಂತು. ನಮಗೆ ಸಂತೋಷವೇ. ಆದರೆ ಲೆಕ್ಕ ನೋಡಿ ಗೆಳೆಯರೇ. ದಿಲ್ಲಿಯ ರಾಷ್ಟ್ರಪತಿ ಭವನ ಒಂದು ದಿನ ಬಾಗಿಲು ತೆಗೆಯುತ್ತೆ. ಕಾಲೇಜಿನ ಸ್ಟಾಫ್ ರೂಮು ಒಂದು ದಿನವೂ ತೆಗೆಯಲ್ಲ. ಪದಕಕ್ಕೆ ರೋಸ್ಟರ್ ಇಲ್ಲ, ಪಿಂಚಣಿ ಇಲ್ಲ, ಇಂಕ್ರಿಮೆಂಟು ಇಲ್ಲ. ನಮ್ಮವರಿಗೆ ಪದಕ, ನಿಮ್ಮವರಿಗೆ ಹುದ್ದೆ. ಹಾಗಾದರೆ ನಮಗೆ ಸಿಕ್ಕಿದ್ದು ಮತ್ತೆ ಚೊಂಬೇ ಅಲ್ಲವೇ?

ಚರ್ಮದ ಮಾತಿಗೆ ಬರೋಣ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ, ಆ ಕಡೆ ಕೊಲ್ಹಾಪುರ, ಸಾಂಗ್ಲಿ, ಸಾತಾರ, ಸೋಲಾಪುರ. ಈ ಎಂಟು ಜಿಲ್ಲೆಗಳ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಮೆರವಣಿಗೆಯಲ್ಲಿ ಅದೇ ಥರದ ಚಪ್ಪಲಿ ತೊಡಿಸಿ ನಡೆಸಿತು. ಎಲ್ಲಿಯದು, ಯಾರದು ಅಂತ ಒಂದು ಮಾತಿಲ್ಲ. ಇಲ್ಲಿ ಗಲಾಟೆ ಎದ್ದ ಮೇಲೆ ಭಾರತದ ಕೈಕೆಲಸದ ಚಪ್ಪಲಿಯೇ ಇದಕ್ಕೆ ಮೂಲ ಅಂತ ಒಪ್ಪಿಕೊಂಡಿತು. ಆಗ ನಮ್ಮ ವಿನ್ಯಾಸದ ಪ್ರಾಧ್ಯಾಪಕರುಗಳಿಗೆ ಎಂಥಾ ಸಿಟ್ಟು! ಪರದೇಶದವರು ನಮ್ಮ ಸಂಪತ್ತು ಕದ್ದರು ಅಂತ. ನಾವು ಕೇಳ್ತೀವಿ, ‘ನಮ್ಮ’ ಅಂದರೆ ಯಾರು? ಆ ಚಪ್ಪಲಿ ಹೊಲಿದ ಸಮಗಾರನ ಮಗ ನಿಮ್ಮ ವಿಭಾಗದಲ್ಲಿ ಎಷ್ಟನೇ ನಂಬರಿನ ಅಧ್ಯಾಪಕ? ಮಿಲಾನಿನಲ್ಲಿ ಹೆಸರು ಹೇಳದೆ ಮೆರೆಸಿದ್ದು ಕಳವು. ನಿಮ್ಮ ಕ್ಲಾಸಿನಲ್ಲಿ ಎಷ್ಟೋ ವರ್ಷಗಳಿಂದ ಹೆಸರು ಹೇಳದೆ ಕಲಿಸಿದ್ದು ಏನು?

ನಮ್ಮ ಜೊತೆ ಒಬ್ಬ ಗೆಳೆಯ ಓದಿದ. ಅವನಪ್ಪ ತಮಟೆ ಕಟ್ಟೋರು. ಕೊನೆ ವರ್ಷದ ಪರೀಕ್ಷೆಗೆ ಅವನು ಕ್ಯಾನ್ವಾಸ್ ಕೊಳ್ಳಲು ದುಡ್ಡಿಲ್ಲದೆ ಅಪ್ಪನ ಹತ್ತಿರ ಹದ ಮಾಡಿದ ತೊಗಲು ಇಸ್ಕೊಂಡು ಬಂದ. ಅದನ್ನೇ ಚೌಕಟ್ಟಿಗೆ ಬಿಗಿದು, ಇದ್ದಿಲು ಮತ್ತು ಕೆಮ್ಮಣ್ಣಿನಲ್ಲಿ ಸತ್ತ ದನ ಹೊತ್ತು ಊರಾಚೆ ನಡೆಯುವ ನಾಲ್ವರನ್ನು ಬರೆದ. ನಮ್ಮ ಬ್ಯಾಚಿನಲ್ಲಿ ಅಂಥಾ ಕೆಲಸ ಇನ್ನೊಂದು ಇರಲಿಲ್ಲ. ಪರೀಕ್ಷೆ ಮಾಡಲು ಬಂದವರು ಬಾಗಿಲಲ್ಲೇ ನಿಂತರು. ಒಬ್ಬರು ಕರ್ಚೀಫು ತೆಗೆದರು. ‘ವಾಸನೆ, ಹೊರಗೆ ಇಡಿಸಿ’ ಅಂದರು. ಇನ್ನೊಬ್ಬರು ‘ಇದು ಪ್ರಚಾರ, ಕಲೆ ಅಲ್ಲ’ ಅಂದರು. ಪಾಸಿಗೆ ಎಷ್ಟು ಬೇಕೋ ಅಷ್ಟು ಅಂಕ ಹಾಕಿ ಹೋದರು. ಮಾರನೇ ವರ್ಷ ಅದೇ ಹಾಲಿನಲ್ಲಿ ಬೆಂಗಳೂರಿನ ಯಾರೋ ವಿನ್ಯಾಸಗಾರರ ತೊಗಲಿನ ದೀಪಗಳ ಪ್ರದರ್ಶನ ಆಯ್ತು. ಯಾರಿಗೂ ವಾಸನೆ ಬರಲಿಲ್ಲ. ತೊಗಲು ಅದೇ, ಹಾಲು ಅದೇ, ಮೂಗುಗಳೂ ಅವೇ. ನಮ್ಮ ಗೆಳೆಯ ಇವತ್ತು ಮದುವೆ ಮನೆಗಳಿಗೆ ಶಾಮಿಯಾನ ಕಟ್ಟುತ್ತಾನೆ. ಮತ್ತೆ ಒಂದು ಗೆರೆ ಎಳೆದಿಲ್ಲ. ಅವನನ್ನ ಮತ್ತೆ ಬರೆಯೋ ಹಾಗೆ ಮಾಡಲು ನಮ್ಮ ಕೈಲಿ ಆಗಿಲ್ಲ. ಈ ಬರಹಕ್ಕೆ ಕಾರಣ ಅವನೇ.

ಆ ದಿನ ಆ ಕೋಣೆಯಲ್ಲಿ ತೊಗಲಿನ ಹದ ಗೊತ್ತಿದ್ದ ಒಬ್ಬನೇ ಒಬ್ಬ ಅಧ್ಯಾಪಕ ಇದ್ದಿದ್ದರೆ? ಆ ನಾಲ್ವರಲ್ಲಿ ತನ್ನಪ್ಪನ ಗುರುತು ಹಿಡಿಯುವ ಒಬ್ಬರು ಇದ್ದಿದ್ದರೆ? ಅಂಕ ಬಿಡಿ, ಕರ್ಚೀಫು ತೆಗೆಯಲು ಉಳಿದವರಿಗೆ ನಾಚಿಕೆಯಾಗುತ್ತಿತ್ತು. ಕೋಣೆಯಲ್ಲಿ ಒಬ್ಬರು ಇರೋದಕ್ಕೂ ಇಲ್ಲದಿರೋದಕ್ಕೂ ವ್ಯತ್ಯಾಸ ಇಷ್ಟು ದೊಡ್ಡದು.

ಇನ್ನೂ ದೊಡ್ಡ ಉದಾಹರಣೆ ಬೇಕಾ? ನಮ್ಮ ಸಂವಿಧಾನದ ಮೂಲಪ್ರತಿ ತೆಗೆದು ನೋಡಿ. ಬಾಬಾಸಾಹೇಬರು ಅದರ ಕರಡು ಸಮಿತಿಯ ಅಧ್ಯಕ್ಷರು. ಅಕ್ಷರ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಪುಟಗಳಿಗೆ ಚಿತ್ರ ಬರೆದವರು ಶಾಂತಿನಿಕೇತನದ ಕಲಾಭವನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರ ತಂಡ. ಅಂದರೆ ಒಂದು ಕಲಾಶಾಲೆಯ ಅಧ್ಯಾಪಕರು, ವಿದ್ಯಾರ್ಥಿಗಳು. ಕೆಲಸ ಸುಂದರವಾಗಿದೆ, ಸುಳ್ಳು ಹೇಳಲ್ಲ. ಮೊಹೆಂಜೊದಾರೊ ಗೂಳಿ ಇದೆ. ಋಷಿಗಳ ಆಶ್ರಮ ಇದೆ. ರಾಮ ಇದ್ದಾನೆ, ಗೀತೆ ಹೇಳುವ ಕೃಷ್ಣ ಇದ್ದಾನೆ. ಬುದ್ಧ ಇದ್ದಾನೆ, ಮಹಾವೀರ ಇದ್ದಾನೆ. ಅಕ್ಬರ್, ಶಿವಾಜಿ, ಟಿಪ್ಪು, ಲಕ್ಷ್ಮೀಬಾಯಿ ಇದ್ದಾರೆ. ದಂಡಿಗೆ ನಡೆಯುವ ಗಾಂಧಿ ಇದ್ದಾರೆ. 1930ರ ಉಪ್ಪಿನ ನಡಿಗೆ ಇದೆ, 1927ರ ನೀರಿನ ನಡಿಗೆ ಇಲ್ಲ. ಗ್ರಂಥ ಕಟ್ಟಿದವರಲ್ಲಿ ಮೊದಲಿಗನಾದ ಮನುಷ್ಯ ಆ ಗ್ರಂಥದ ಚಿತ್ರಗಳಲ್ಲಿ ಎಲ್ಲೂ ಇಲ್ಲ. ಯಾರೋ ಕೂತು ಸಂಚು ಮಾಡಿದರು ಅಂತ ನಾವು ಹೇಳ್ತಿಲ್ಲ. ಅದಕ್ಕಿಂತ ಕೆಟ್ಟದ್ದು ಇದು. ಯಾರ ಕಣ್ಣಿಗೂ ಬೀಳಲಿಲ್ಲ.

ಅದೇ ಶಾಂತಿನಿಕೇತನದಲ್ಲಿ ಇನ್ನೊಬ್ಬ ಅಧ್ಯಾಪಕ ಇದ್ದ. ರಾಮ್‌ಕಿಂಕರ್ ಬೈಜ್. ಬಾಂಕುರಾ ಕಡೆಯ ಬಡ ಕ್ಷೌರಿಕ ಮನೆಯ ಹುಡುಗ. ಅಲ್ಲಿಗೆ ಓದಲು ಬಂದು ಅಲ್ಲೇ ಮೇಷ್ಟ್ರಾದ. 1938ರಲ್ಲಿ ಅವನು ಬಯಲಿನಲ್ಲಿ ನಿಲ್ಲಿಸಿದ್ದು ಯಾವ ದೇವರನ್ನೂ ಅಲ್ಲ, ಯಾವ ರಾಜನನ್ನೂ ಅಲ್ಲ. ಗಂಟುಮೂಟೆ ಹೊತ್ತು ನಡೆಯುತ್ತಿರುವ ಒಂದು ಸಂತಾಲ ಕೂಲಿ ಕುಟುಂಬ. ಅಮೃತಶಿಲೆ ಅಲ್ಲ, ಸಿಮೆಂಟು ಮತ್ತು ಜಂಬಿಟ್ಟಿಗೆ ಕಲ್ಲಿನ ಹರಳು. ಆ ಕುಟುಂಬ ಆ ಊರಿನ ದಾರಿಯಲ್ಲಿ ದಿನಾ ನಡೆಯುತ್ತಿತ್ತು, ಎಲ್ಲರೂ ನೋಡುತ್ತಿದ್ದರು. ನಿಲ್ಲಿಸಿ ಬರೆಯಬೇಕು ಅನ್ನಿಸಿದ್ದು ಅವನಿಗೆ. ನಮ್ಮ ಕಾಲದಲ್ಲಿ ನಾಗಪುರದ ಸವಿ ಸಾವರ್ಕರ್ ದಿಲ್ಲಿಯ ಕಲಾಕಾಲೇಜಿನಲ್ಲಿ ಪಾಠ ಮಾಡಿದರು. ಕೊರಳಿಗೆ ಮಡಕೆ ಕಟ್ಟಿಕೊಂಡ ಅಸ್ಪೃಶ್ಯ, ದೇವದಾಸಿ, ಇವರೆಲ್ಲ ಅವರ ಚಿತ್ರದಲ್ಲಿ ಬಂದರು. ಮೇಷ್ಟ್ರು ಬದಲಾದರೆ ಚಿತ್ರ ಬದಲಾಗುತ್ತೆ. ಇದು ಘೋಷಣೆ ಅಲ್ಲ, ಗೋಡೆ ಮೇಲೆ ಇರುವ ಸಾಕ್ಷಿ.

‘ಸರಿ ಕಣ್ರಯ್ಯಾ, ನಿಮ್ಮಲ್ಲಿ ಅರ್ಹರು ಎಲ್ಲಿದ್ದಾರೆ?’ ಅಂತ ಕೇಳ್ತಾರೆ. ಅರ್ಹತೆಯ ಬಾಗಿಲಿಗೆ ಎಷ್ಟು ಚಿಲಕ ಇದೆ ಅನ್ನೋದನ್ನ ನಾವು ಒಂದೊಂದಾಗಿ ಎಣಿಸಿದ್ದೇವೆ.

ಮೊದಲ ಚಿಲಕ ಭಾಷೆ. ಕಾಲೇಜು ಅಧ್ಯಾಪಕನಾಗಲು ಬರೆಯುವ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ದೃಶ್ಯಕಲೆಯ ಪ್ರಶ್ನೆಪತ್ರಿಕೆ ಇಂಗ್ಲಿಷು ಮತ್ತು ಹಿಂದಿಯಲ್ಲಿ ಮಾತ್ರ. ಬಣ್ಣಕ್ಕೆ ಭಾಷೆ ಇಲ್ಲ ಅಂತ ಮೇಷ್ಟ್ರು ಭಾಷಣ ಮಾಡ್ತಾರೆ, ಬಣ್ಣದ ಪರೀಕ್ಷೆಗೆ ಎರಡೇ ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿದ ಹಾಸ್ಟೆಲ್ ಹುಡುಗ ಕೈಲಿ ಕುಂಚ ಇದ್ದೂ ಅಲ್ಲಿ ಮೂಕ.

ಎರಡನೇ ಚಿಲಕ ಲೆಕ್ಕದ್ದು. ಇದನ್ನ ನಿಧಾನವಾಗಿ ಓದಿ, ಉಳಿದವರಿಗೂ ಓದಿ ಹೇಳಿ. ಹುದ್ದೆಗಳನ್ನು ಮೀಸಲಾತಿಗೆ ಹಂಚುವ ಪಟ್ಟಿಗೆ ರೋಸ್ಟರ್ ಅಂತಾರೆ. ಕೇಂದ್ರದ ಹದಿಮೂರು ಪಾಯಿಂಟಿನ ರೋಸ್ಟರಿನಲ್ಲಿ ನಾಲ್ಕನೇ ಹುದ್ದೆ ಹಿಂದುಳಿದವರಿಗೆ, ಏಳನೇ ಹುದ್ದೆ ಪರಿಶಿಷ್ಟ ಜಾತಿಗೆ, ಹದಿನಾಲ್ಕನೇ ಹುದ್ದೆ ಪರಿಶಿಷ್ಟ ಪಂಗಡಕ್ಕೆ. ಇಡೀ ವಿಶ್ವವಿದ್ಯಾಲಯದ ಹುದ್ದೆಗಳನ್ನ ಒಟ್ಟಿಗೆ ಎಣಿಸಿದರೆ ನಮ್ಮ ಪಾಲು ಬರುತ್ತೆ. ಒಂದೊಂದು ವಿಭಾಗವನ್ನ ಬೇರೆ ಬೇರೆ ಎಣಿಸಿದರೆ? ಚಿತ್ರಕಲೆ ವಿಭಾಗದಂಥ ಕಡೆ ಇರೋದೇ ನಾಲ್ಕೋ ಐದೋ ಹುದ್ದೆ. ಏಳನೆಯದು ಬರುವುದೇ ಇಲ್ಲ. ಹದಿನಾಲ್ಕನೆಯದು ಕನಸಿನಲ್ಲೂ ಇಲ್ಲ. ಯಾರೂ ಯಾರಿಗೂ ‘ನೀನು ಬೇಡ’ ಅನ್ನಬೇಕಾಗಿಲ್ಲ. ಎಣಿಸುವ ರೀತಿಯೇ ಬಾಗಿಲು ಹಾಕುತ್ತೆ.

ಇದು ಊಹೆ ಅಲ್ಲ. 2017ರಲ್ಲಿ ಅಲಹಾಬಾದ್ ಹೈಕೋರ್ಟು ವಿಭಾಗವಾರು ಎಣಿಸಿ ಅಂತ ತೀರ್ಪು ಕೊಟ್ಟಿತು. 2018ರ ಮಾರ್ಚಿನಲ್ಲಿ ಯುಜಿಸಿ ಅದನ್ನೇ ಸುತ್ತೋಲೆ ಮಾಡಿ ಕಳಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇಂದ್ರದ ಮೇಲ್ಮನವಿ ತಳ್ಳಿಹಾಕಿತು. ಆಗ ನಮ್ಮ ವಿದ್ಯಾರ್ಥಿಗಳು, ಅಧ್ಯಾಪಕರು ಬೀದಿಗೆ ಇಳಿದರು. 2019ರ ಮಾರ್ಚ್ 5ರಂದು ಭಾರತ್ ಬಂದ್ ಆಯ್ತು. ಅದೇ ವಾರ ಸುಗ್ರೀವಾಜ್ಞೆ ಬಂತು, ಜುಲೈನಲ್ಲಿ ಕಾಯ್ದೆಯಾಯ್ತು. ಕೇಂದ್ರದ ವಿದ್ಯಾಸಂಸ್ಥೆಗಳಲ್ಲಿ ಈಗ ಇಡೀ ಸಂಸ್ಥೆಯೇ ಒಂದು ಘಟಕ. ಬೀದಿಗೆ ಇಳಿದಿದ್ದಕ್ಕೆ ಸಿಕ್ಕಿದ್ದು, ಯಾರೂ ದಾನ ಕೊಟ್ಟಿದ್ದಲ್ಲ. ನೆನಪಿರಲಿ.

ಮೂರನೇ ಚಿಲಕ ‘ಸೂಕ್ತ ಅಭ್ಯರ್ಥಿ ದೊರೆತಿಲ್ಲ’ ಎಂಬ ಒಂದು ಸಾಲು. ಹುದ್ದೆ ಮೀಸಲು, ಅರ್ಜಿ ಹಾಕಿದವರು ಇದ್ದಾರೆ, ಸಂದರ್ಶನ ನಡೆದಿದೆ. ಕೊನೆಗೆ ಈ ಸಾಲು. ಹುದ್ದೆ ಬ್ಯಾಕ್‌ಲಾಗ್ ಆಗಿ ಮಲಗುತ್ತೆ. ಅದರ ಕೆಲಸ ಮಾಡಲು ಅತಿಥಿ ಉಪನ್ಯಾಸಕ ಬರ್ತಾನೆ. ಆ ಅತಿಥಿ ಎಷ್ಟೋ ಸಾರಿ ನಮ್ಮವನೇ! ಖಾಯಂ ಮಾಡಲು ಅನರ್ಹ, ಗಂಟೆ ಲೆಕ್ಕದಲ್ಲಿ ದುಡಿಸಲು ಅರ್ಹ. ನಾಲ್ಕನೇ ಚಿಲಕ ಖಾಸಗಿಯದು. ಲಕ್ಷಗಟ್ಟಲೆ ಫೀಸಿನ ಖಾಸಗಿ ವಿನ್ಯಾಸ ಕಾಲೇಜುಗಳು ನಗರದ ಸುತ್ತ ಎದ್ದಿವೆ. ಸಂವಿಧಾನದ 15ನೇ ವಿಧಿಯ 5ನೇ ಉಪವಿಧಿ ಅಂಥ ಕಡೆ ಸೀಟಿನ ಮಾತು ಆಡುತ್ತೆ, ಪಾಠ ಮಾಡುವವರ ಹುದ್ದೆಯ ಮಾತು ಆಡಲ್ಲ. ಅನುದಾನ ಪಡೆಯದ ಆ ಕಾಲೇಜುಗಳಲ್ಲಿ ಅಧ್ಯಾಪಕರ ನೇಮಕಕ್ಕೆ ಮೀಸಲಾತಿಯ ಕಾನೂನೇ ಇಲ್ಲ.

ನಾವು ನಮ್ಮವರನ್ನೂ ಬಿಡಬಾರದು. ಹುದ್ದೆ ಸಿಕ್ಕ ಕೂಡಲೇ ಊರು ಕೇಳಿದರೆ ತಾಲ್ಲೂಕಿನ ಹೆಸರು ಹೇಳಿ ಜಾರಿಕೊಳ್ಳುವ ಕೆಲವರು ನಮ್ಮಲ್ಲೂ ಇದ್ದಾರೆ. ಅವರ ಭಯ ನಮಗೆ ಅರ್ಥ ಆಗುತ್ತೆ. ಆದರೆ ಭಯ ಪಟ್ಟುಕೊಂಡು ಹಿಂದೆ ಬರೋರಿಗೆ ಬಾಗಿಲು ಹಾಕಬೇಡಿ ಅಣ್ಣಂದಿರೇ. ಸಂಘಟನೆಯವರಿಗೂ ಒಂದು ಮಾತು. ಸಭೆಗೆ ಬ್ಯಾನರ್ ಬರೆಯಬೇಕಾದಾಗ ಮಾತ್ರ ನೆನಪಾಗುವ ಜನ ಅಲ್ಲ ನಾವು. ನಮ್ಮ ಹಾಸ್ಟೆಲ್ ಗೋಡೆ ಮೇಲೆ ನೀಲಿ ಕೋಟಿನ ಬಾಬಾಸಾಹೇಬರನ್ನು ಬರೆದ ಪೇಂಟರುಗಳು ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳಕೊಂಡು ಎಲ್ಲಿ ಹೋದರು ಅಂತ ನಾವು ಯಾರಾದರೂ ವಿಚಾರಿಸಿದೆವಾ? ನಮ್ಮ ಮೊದಲ ಕಲಾಗುರುಗಳು ಅವರು. ನಮ್ಮ ಮೇಷ್ಟ್ರೊಬ್ಬರು ಆ ಗೋಡೆ ಚಿತ್ರ ನೋಡಿ ‘ಕ್ಯಾಲೆಂಡರ್ ಆರ್ಟ್’ ಅಂತ ನಕ್ಕರು. ಅವರ ಮನೆ ದೇವರ ಕೋಣೆಯಲ್ಲಿ ಇರೋದು ಯಾವ ಆರ್ಟು?

ಎಲ್ಲ ಮೇಷ್ಟ್ರೂ ಹಾಗೇ ಅಂತ ಹೇಳಿದರೆ ಸುಳ್ಳಾಗುತ್ತೆ. ಸ್ಕಾಲರ್‌ಶಿಪ್ಪು ಬರೋದು ತಡವಾದಾಗ ತನ್ನ ಬಣ್ಣದ ಟ್ಯೂಬುಗಳನ್ನ ನಮ್ಮ ಚೀಲಕ್ಕೆ ಹಾಕಿ, ಯಾರಿಗೂ ಹೇಳಬೇಡಿ ಅಂದ ಒಬ್ಬರು ಇದ್ದರು. ಅವರನ್ನ ಮರೆಯಲ್ಲ. ಆದರೆ ನಾವು ಕೇಳ್ತಿರೋದು ಒಬ್ಬರ ದೊಡ್ಡ ಮನಸ್ಸನ್ನಲ್ಲ. ನಮ್ಮ ಪಾಲಿನ ಹುದ್ದೆಯನ್ನ.

ನಮ್ಮ ಬೇಡಿಕೆಗಳು:

1. ಚಿತ್ರಕಲೆ, ಶಿಲ್ಪ, ವಿನ್ಯಾಸ ವಿಭಾಗಗಳ ಬ್ಯಾಕ್‌ಲಾಗ್ ಹುದ್ದೆಗಳನ್ನು ಕೂಡಲೇ ತುಂಬಬೇಕು. ‘ಸೂಕ್ತ ಅಭ್ಯರ್ಥಿ ದೊರೆತಿಲ್ಲ’ ಎಂದು ಬರೆದರೆ ಅದಕ್ಕೆ ಕಾರಣವನ್ನೂ ಬರೆದು ನೋಟೀಸು ಬೋರ್ಡಿಗೆ ಹಾಕಬೇಕು.

2. ವಿಭಾಗವಾರು ಎಣಿಕೆ ಎಲ್ಲೇ ಇದ್ದರೂ ನಿಲ್ಲಬೇಕು.

3. ನೆಟ್ ಪರೀಕ್ಷೆಯ ದೃಶ್ಯಕಲೆ ಪತ್ರಿಕೆ ಕನ್ನಡದಲ್ಲೂ ಬರಬೇಕು.

4. ಕಸುಬು ಬಲ್ಲ ಮೇದರು, ಸಮಗಾರರು, ಕುಂಬಾರರು, ತೊಗಲುಗೊಂಬೆಯವರನ್ನು ಕಮ್ಮಟದ ಕೂಲಿಗಳಾಗಿ ಅಲ್ಲ, ಸಂಬಳದ ಅಧ್ಯಾಪಕರಾಗಿ ನೇಮಿಸಬೇಕು. ಅಂಕ ಕೊಡುವ ಅಧಿಕಾರವೂ ಅವರಿಗೆ ಇರಬೇಕು.

5. ಮಾಡೆಲ್ ಆಗಿ ಕೂರುವವರ ಹೆಸರನ್ನು ಚಿತ್ರದ ಅಡಿಯಲ್ಲಿ ಬರೆಯಬೇಕು.

6. ಅನುದಾನವಿಲ್ಲದ ಖಾಸಗಿ ಕಾಲೇಜುಗಳ ಅಧ್ಯಾಪಕ ನೇಮಕಕ್ಕೂ ಮೀಸಲಾತಿಯ ಕಾನೂನು ತರಬೇಕು.

ಈಗ ನಿಮ್ಮ ಕೆಲಸ. ಈ ಹಾಳೆ ಓದಿ ಹಾಸಿಗೆ ಕೆಳಗೆ ಇಡಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಫೀಸು. ನಿಮ್ಮ ಕಾಲೇಜು ಸರ್ಕಾರಿಯೋ ಅನುದಾನಿತವೋ ಆಗಿದ್ದರೆ ಒಂದು ಅರ್ಜಿ ಹಾಕಿ. ಕೇಳಬೇಕಾದ್ದು ನಾಲ್ಕೇ ಪ್ರಶ್ನೆ. ಕಲಾ ವಿಭಾಗಕ್ಕೆ ಮಂಜೂರಾದ ಅಧ್ಯಾಪಕ ಹುದ್ದೆ ಎಷ್ಟು? ಅದರಲ್ಲಿ ಮೀ­ಸಲು ಎಷ್ಟು, ತುಂಬಿದ್ದು ಎಷ್ಟು? ಬ್ಯಾಕ್‌ಲಾಗ್ ಯಾವ ವರ್ಷದಿಂದ? ರೋಸ್ಟರ್ ಪುಸ್ತಕದ ನಕಲು ಕೊಡಿ. ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು. ಹಾಸ್ಟೆಲಿಗೆ ಒಬ್ಬರಂತೆ ಅರ್ಜಿ ಹಾಕಿದರೂ ಸಾಕು, ಇಡೀ ರಾಜ್ಯದ ಲೆಕ್ಕ ನಮ್ಮ ಕೈಗೆ ಬರುತ್ತೆ. ಉತ್ತರ ಬಂದರೆ ಮುಂದಿನ ಸಭೆಗೆ ತನ್ನಿ. ಬರದಿದ್ದರೆ ಬಂದಿಲ್ಲ ಅನ್ನೋದನ್ನ ತನ್ನಿ.

ಮೇಷ್ಟ್ರುಗಳಿಗೆ ಕೊನೇ ಮಾತು. ಮುಂದಿನ ವರ್ಷವೂ ನೀವು ಚೊಂಬು ಇಡ್ತೀರಿ. ಇಡಿ. ನಮ್ಮ ತಮ್ಮಂದಿರು, ತಂಗಿಯರು ಆ ಬೆಂಚಿನಲ್ಲಿ ಇರ್ತಾರೆ. ಅವರು ಚೊಂಬನ್ನೂ ಬರೀತಾರೆ, ಅದನ್ನು ಎತ್ತಿ ಹಿಡಿದ ಕೈಯನ್ನೂ ಬರೀತಾರೆ, ಕೆಳಗೆ ಬೊಗಸೆ ಹಿಡಿದ ನಮ್ಮಜ್ಜನನ್ನೂ ಬರೀತಾರೆ. ಅದಕ್ಕೆ ಅಂಕ ಹಾಕುವ ಧೈರ್ಯ ಬೆಳೆಸಿಕೊಳ್ಳಿ. ಆಗದಿದ್ದರೆ ಕುರ್ಚಿ ಬಿಡಿ, ನಾವು ಹಾಕ್ತೀವಿ.

ಜೈ ಭೀಮ್.